ಬೋರ್ಡು ಬದಲಾಯ್ತು, ಕಂಪ್ಯೂಟರ್ ಅದೇನಾ? ಒಂದು ಸೀರಿಯಲ್ ನಂಬರಿನ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕೆ ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಇವತ್ತಿನ ಸಂಚಿಕೆ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಹತ್ತಿರದಲ್ಲಿ ಲ್ಯಾಪ್‌ಟಾಪ್ ಇದ್ರೆ ಅದನ್ನ ತಿರುಗಿಸಿ, ಕೆಳಭಾಗ ನೋಡಿ. ಒಂದು ಸ್ಟಿಕ್ಕರ್ ಇರುತ್ತೆ, ಅರ್ಧ ಅಳಿಸಿಹೋಗಿದ್ರೂ ಇರುತ್ತೆ. ಅದರ ಮೇಲೆ ಎಸ್ ಬಾರ್ ಎನ್ ಅಂತ ಬರೆದು ಮುಂದೆ ಒಂದಷ್ಟು ಅಕ್ಷರ, ಅಂಕಿ. ಅದೇ ಸೀರಿಯಲ್ ನಂಬರು. ಈಗ ವಿಷಯ ಏನಪ್ಪಾ ಅಂದ್ರೆ, ಅದೇ ನಂಬರು ಮಷಿನ್ ಒಳಗೂ ಇದೆ. ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಚಿಪ್, ಅದರೊಳಗೆ ಬಯೋಸ್, ಅದರ ಒಂದು ಮೂಲೆಯಲ್ಲಿ ಆ ನಂಬರು ಬರೆದಿಟ್ಟಿರ್ತಾರೆ.

ಹೊರಗಿನದು, ಒಳಗಿನದು ಎರಡೂ ಒಂದೇ ಆಗಿರೋ ತನಕ ಯಾರಿಗೂ ತಲೆನೋವಿಲ್ಲ. ಆದ್ರೆ ಒಂದು ದಿನ ಮದರ್‌ಬೋರ್ಡು ಸುಟ್ಟುಹೋಗುತ್ತೆ. ಸರ್ವಿಸ್‌ನವರು ಹೊಸ ಬೋರ್ಡು ಹಾಕ್ತಾರೆ. ಪರದೆ ಹಳೇದು, ಕೀಬೋರ್ಡು ಹಳೇದು, ಹಾರ್ಡ್ ಡಿಸ್ಕ್ ಹಳೇದು, ಅದರಲ್ಲಿರೋ ನಿಮ್ಮ ಫೋಟೋಗಳೂ ಹಳೇವೇ. ಆದ್ರೆ ಒಳಗಿನ ನಂಬರು ಮಾಯ. ಒಂದೋ ಖಾಲಿ, ಇಲ್ಲವೇ ಬೇರೆ ಯಾವುದೋ ನಂಬರು. ಹಾಗಾದ್ರೆ ಇದು ನಿಮ್ಮ ಹಳೇ ಲ್ಯಾಪ್‌ಟಾಪೋ, ಹೊಸದೋ? ಅದನ್ನ ತೀರ್ಮಾನ ಮಾಡೋರು ಯಾರು? ಆ ಖಾಲಿ ಜಾಗದಲ್ಲಿ ಹಳೇ ನಂಬರು ಮತ್ತೆ ಬರೆಯೋ ಹಕ್ಕು ಯಾರದು?

ಕೇಳೋಕೆ ಇದು ರಿಪೇರಿ ಅಂಗಡಿಯ ಪ್ರಶ್ನೆ ಅನ್ನಿಸುತ್ತೆ. ಆದ್ರೆ ಇದರ ಹಿಂದೆ ನಲವತ್ತು ವರ್ಷದ ಜಗಳ ಇದೆ. ದೊಡ್ಡ ದೊಡ್ಡ ಕಂಪನಿಗಳು, ಬಹಿಷ್ಕಾರ, ವೈರಸ್ಸು, ಪೊಲೀಸ್ ಕೇಸು ಎಲ್ಲಾ ಇದೆ. ನಾನು ಓದಿದ್ದು ಕಾಮರ್ಸ್, ಇಂಜಿನಿಯರ್ ಅಲ್ಲ. ಅದಕ್ಕೇ ಇದನ್ನ ಲೆಕ್ಕದ ಪುಸ್ತಕದ ಕಡೆಯಿಂದ ನೋಡ್ತೀನಿ. ಬನ್ನಿ.

ಹೆಸರೇ ಇಲ್ಲದ ಯಂತ್ರಗಳು

ಬಯೋಸ್ ಅನ್ನೋ ಪದ ಹುಟ್ಟಿದ್ದು 1970ರ ದಶಕದ ಮಧ್ಯದಲ್ಲಿ. ಅಮೆರಿಕದ ಮಾಂಟೆರೇ ಊರಿನ ನೌಕಾಪಡೆಯ ಕಾಲೇಜಲ್ಲಿ ಪಾಠ ಮಾಡ್ತಿದ್ದ ಗ್ಯಾರಿ ಕಿಲ್ಡಾಲ್ ಅನ್ನೋರು ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಮ್ ಬರೆದ್ರು. ಆಗ ಒಂದೊಂದು ಕಂಪನಿಯ ಕಂಪ್ಯೂಟರ್ ಒಂದೊಂದು ಥರ. ಪ್ರತಿ ಸಲ ಇಡೀ ಸಾಫ್ಟ್‌ವೇರ್ ತಿದ್ದೋದು ಬೇಡ ಅಂತ ಅವರು ಹಾರ್ಡ್‌ವೇರ್ ಜೊತೆ ಮಾತಾಡೋ ಭಾಗವನ್ನ ಮಾತ್ರ ಬೇರೆ ಮಾಡಿಟ್ರು. ಮಷಿನ್ ಬದಲಾದ್ರೆ ಆ ಭಾಗ ಮಾತ್ರ ಬದಲಾಯಿಸಿದ್ರೆ ಸಾಕು. ಆ ಭಾಗಕ್ಕೆ ಇಟ್ಟ ಹೆಸರೇ ಬಯೋಸ್.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡ್ತು. ಮಾಡೆಲ್ ನಂಬರ್ 5150. ಬೇಗ ಮುಗಿಸಬೇಕು ಅನ್ನೋ ಆತುರಕ್ಕೆ ಅವರು ಬಹುತೇಕ ಭಾಗಗಳನ್ನ ಹೊರಗಿಂದಲೇ ಕೊಂಡ್ರು. ಪ್ರೊಸೆಸರ್ ಇಂಟೆಲ್‌ನದು, ಡಾಸ್ ಮೈಕ್ರೋಸಾಫ್ಟ್‌ನದು. ಐಬಿಎಂನದೇ ಅಂತ ಗಟ್ಟಿಯಾಗಿ ಹೇಳಬಹುದಾದದ್ದು ಬಯೋಸ್ ಒಂದೇ. ಬರೀ 8 ಕಿಲೋಬೈಟ್. ಇವತ್ತು ನೀವು ವಾಟ್ಸಾಪಲ್ಲಿ ಕಳಿಸೋ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ಎಷ್ಟೋ ದೊಡ್ಡದು.

ಆ ಬಯೋಸ್ ಒಳಗೆ ಮಷಿನ್ನಿನ ಬಗ್ಗೆ ಒಂದೇ ಒಂದು ಗುರುತು ಇತ್ತು. ಒಂದು ಬೈಟ್. ಅದು ಇದು ಪಿಸಿಯೋ, ಎಕ್ಸ್‌ಟಿಯೋ, ಎಟಿಯೋ ಅಂತ ಹೇಳ್ತಿತ್ತು. ಅಂದ್ರೆ ‘ನಾನು ಯಾವ ಬಗೆಯ ಯಂತ್ರ’ ಅಂತ ಹೇಳೋಕೆ ಬರ್ತಿತ್ತು, ‘ನಾನು ಯಾವ ಯಂತ್ರ’ ಅಂತ ಹೇಳೋಕೆ ಬರ್ತಿರಲಿಲ್ಲ. ಸೀರಿಯಲ್ ನಂಬರು ಇದ್ದದ್ದು ಡಬ್ಬದ ಹಿಂದೆ, ಚೀಟಿಯ ಮೇಲೆ. ಹತ್ತು ಮಷಿನ್ನಿನ ಬಯೋಸ್ ಚಿಪ್ ಕಿತ್ತು ಅದಲು ಬದಲು ಮಾಡಿದ್ರೂ ಯಾವ ಕಂಪ್ಯೂಟರಿಗೂ ಗೊತ್ತಾಗ್ತಿರಲಿಲ್ಲ. ಒಳಗೆ ಬರೆದಿದ್ದು ಎಲ್ಲದಕ್ಕೂ ಒಂದೇ, ಅದನ್ನ ತಿದ್ದೋಕೂ ಆಗಲ್ಲ. ರಾಮ್ ಅಲ್ಲ, ರೋಮ್. ಓದೋಕೆ ಮಾತ್ರ.

ನೋಡದೇ ನಕಲು ಮಾಡಿದವರು

ಐಬಿಎಂ ಒಂದು ವಿಚಿತ್ರ ಕೆಲಸ ಮಾಡಿತ್ತು. ಪಿಸಿ ಜೊತೆ ಮಾರ್ತಿದ್ದ ತಾಂತ್ರಿಕ ಕೈಪಿಡಿಯಲ್ಲಿ ಬಯೋಸ್‌ನ ಪೂರ್ತಿ ಕೋಡ್ ಅಚ್ಚು ಹಾಕಿತ್ತು. ಮನೆ ಕೀಲಿಕೈಯನ್ನ ಬಾಗಿಲಿಗೇ ನೇತುಹಾಕಿದ ಹಾಗೆ ಕಾಣುತ್ತೆ. ಆದ್ರೆ ಅದರಲ್ಲೊಂದು ಉಪಾಯ ಇತ್ತು. ಕೋಡ್ ಮೇಲೆ ಕಾಪಿರೈಟ್ ಇದೆ. ಯಾರು ಆ ಪುಸ್ತಕ ಓದಿ ಬಯೋಸ್ ಬರೀತಾರೋ ಅವರ ಮೇಲೆ ಕೇಸು ಹಾಕೋದು ಸುಲಭ.

1982ರಲ್ಲಿ ಹ್ಯೂಸ್ಟನ್ ಊರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟುಬಂದ ಮೂರು ಜನ ಸೇರಿ ಕಾಂಪ್ಯಾಕ್ ಅನ್ನೋ ಕಂಪನಿ ಕಟ್ಟಿದ್ರು. ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೋ. ಅವರ ಮೊದಲ ಕಂಪ್ಯೂಟರಿನ ಚಿತ್ರ ಬರೆದದ್ದು ಹೋಟೆಲಿನ ತಟ್ಟೆ ಕೆಳಗೆ ಹಾಸೋ ಕಾಗದದ ಮೇಲೆ ಅಂತ ಪ್ರಸಿದ್ಧ ಕಥೆ. ಐಬಿಎಂ ಪಿಸಿಯ ಸಾಫ್ಟ್‌ವೇರ್ ಎಲ್ಲಾ ಇದರಲ್ಲೂ ಓಡಬೇಕು, ಆದ್ರೆ ಕೇಸು ಬೀಳಬಾರದು. ಅದಕ್ಕೆ ಅವರು ಎರಡು ತಂಡ ಮಾಡಿದ್ರು. ಮೊದಲ ತಂಡ ಐಬಿಎಂನ ಬಯೋಸ್ ಓದಿ, ಅದು ಏನೇನು ಮಾಡುತ್ತೆ ಅಂತ ಮಾತ್ರ ಬರೆದುಕೊಡ್ತು, ಹೇಗೆ ಮಾಡುತ್ತೆ ಅಂತ ಹೇಳಲಿಲ್ಲ. ಎರಡನೇ ತಂಡ ಐಬಿಎಂನ ಕೋಡನ್ನ ಕಣ್ಣೆತ್ತಿಯೂ ನೋಡದವರು. ಅವರು ಆ ಪಟ್ಟಿ ಇಟ್ಕೊಂಡು ಹೊಸದಾಗಿ ಬರೆದ್ರು. ಇದನ್ನ ಕ್ಲೀನ್ ರೂಮ್ ವಿಧಾನ ಅಂತಾರೆ. ಅಡುಗೆ ರುಚಿ ನೋಡಿ ಒಬ್ಬರು ವರ್ಣಿಸ್ತಾರೆ, ಅಡುಗೆಮನೆಗೆ ಕಾಲಿಡದ ಇನ್ನೊಬ್ಬರು ಅದೇ ಸಾರು ಮಾಡ್ತಾರೆ ಅಂದ್ಕೊಳ್ಳಿ.

ಕಾಂಪ್ಯಾಕ್ ಪೋರ್ಟಬಲ್ ಹೆಚ್ಚೂ ಕಡಿಮೆ 13 ಕಿಲೋ ತೂಗ್ತಿತ್ತು. ಆದ್ರೂ 1983ರಲ್ಲಿ, ಮೊದಲ ವರ್ಷದಲ್ಲೇ, 53 ಸಾವಿರ ಮಾರಾಟ ಆಯ್ತು, 11 ಕೋಟಿ ಡಾಲರ್ ದಾಟಿದ ವ್ಯಾಪಾರ. 1984ರಲ್ಲಿ ಫೀನಿಕ್ಸ್ ಅನ್ನೋ ಕಂಪನಿ ಇದೇ ವಿಧಾನದಲ್ಲಿ ಬಯೋಸ್ ಬರೆದು, ಯಾರು ಬೇಕಾದ್ರೂ ಕೊಳ್ಳಬಹುದು ಅಂತ ಮಾರೋಕೆ ಶುರು ಮಾಡ್ತು. 1985ರಲ್ಲಿ ಜಾರ್ಜಿಯಾದಲ್ಲಿ ಅಮೆರಿಕನ್ ಮೆಗಾಟ್ರೆಂಡ್ಸ್ ಹುಟ್ಟಿತು. ಕಂಪ್ಯೂಟರ್ ಆನ್ ಮಾಡಿದಾಗ ಎಎಂಐ ಅಂತ ಮೂರಕ್ಷರ ಕಾಣ್ತಿತ್ತಲ್ಲ, ಅವರೇ. ಅದನ್ನ ಕಟ್ಟಿದವರಲ್ಲಿ ಒಬ್ಬರು ಭಾರತ ಮೂಲದ ಎಸ್. ಶಂಕರ್.

ಇಲ್ಲಿಂದ ಪಿಸಿ ಯಾರ ಸ್ವತ್ತೂ ಅಲ್ಲ ಅನ್ನೋ ಹಾಗಾಯ್ತು. ಬೋರ್ಡು ಒಬ್ಬರದು, ಬಯೋಸ್ ಇನ್ನೊಬ್ಬರದು, ಜೋಡಿಸೋರು ಮತ್ತೊಬ್ಬರು. ನಮ್ಮ ಬೆಂಗಳೂರಿನ ಎಸ್‌ಪಿ ರೋಡಲ್ಲಿ ‘ಅಸೆಂಬಲ್ಡ್’ ಕಂಪ್ಯೂಟರ್ ಅಂತ ಒಂದಿಡೀ ವ್ಯಾಪಾರ ಬೆಳೆದದ್ದು ಈ ಸ್ವಾತಂತ್ರ್ಯದಿಂದ. ಹೀಗೆ ಜೋಡಿಸಿದ ಮಷಿನ್ನಿಗೆ ಸೀರಿಯಲ್ ನಂಬರು ಯಾರು ಕೊಡಬೇಕು? ಯಾರೂ ಕೊಡ್ತಿರಲಿಲ್ಲ. ಬೇಕು ಅಂತ ಯಾರೂ ಕೇಳ್ತಲೂ ಇರಲಿಲ್ಲ.

ನಂಬರು ಬೇಕು ಅಂದದ್ದು ಯಾರು?

ಕೇಳಿದವರು ಆಫೀಸಿನವರು. 1990ರ ದಶಕಕ್ಕೆ ಬಂದರೆ ಒಂದೊಂದು ಕಂಪನಿಯಲ್ಲಿ ಸಾವಿರಾರು ಪಿಸಿ. ಯಾವುದು ಎಲ್ಲಿದೆ, ಯಾವುದರಲ್ಲಿ ಎಷ್ಟು ಮೆಮೊರಿ ಇದೆ, ಯಾವುದರ ವಾರಂಟಿ ಮುಗೀತು ಅಂತ ತಿಳಿಯೋಕೆ ಒಬ್ಬ ಮನುಷ್ಯ ಟೇಬಲ್ ಕೆಳಗೆ ಬಗ್ಗಿ ಚೀಟಿ ಓದಬೇಕಿತ್ತು. ಅದನ್ನ ನೆಟ್‌ವರ್ಕ್ ಮೂಲಕವೇ ತಿಳಿಯೋ ಹಾಗೆ ಮಾಡೋಕೆ 1992ರಲ್ಲಿ ಕಂಪನಿಗಳೆಲ್ಲಾ ಸೇರಿ ಡಿಎಂಟಿಎಫ್ ಅನ್ನೋ ಒಕ್ಕೂಟ ಮಾಡಿಕೊಂಡವು. ಅಲ್ಲಿಂದ ಬಂದದ್ದು ಡಿಎಂಐ. ಅದರ ಬೆನ್ನಿಗೇ ಬಂದದ್ದು ಎಸ್ಎಂಬಯೋಸ್. ಇವತ್ತಿಗೂ ರಿಪೇರಿಯವರ ಬಾಯಲ್ಲಿ ‘ಡಿಎಂಐ ಬರೀಬೇಕು’ ಅಂತ ಕೇಳಿಸೋದು ಇದೇ.

ಇದನ್ನ ಒಂದು ರಿಜಿಸ್ಟರ್ ಅಂದ್ಕೊಳ್ಳಿ. ಬಯೋಸ್ ಒಳಗೆ ಸಾಲು ಸಾಲಾಗಿ ಬರೆದಿರುತ್ತೆ. ಮೊದಲ ಪುಟದಲ್ಲಿ ಬಯೋಸ್ ಯಾರದು, ಯಾವ ಆವೃತ್ತಿ. ಎರಡನೇದರಲ್ಲಿ ಇಡೀ ಸಿಸ್ಟಮ್‌ನ ವಿವರ: ತಯಾರಕರು, ಮಾಡೆಲ್, ಸೀರಿಯಲ್ ನಂಬರು, ಜೊತೆಗೆ ಯುಯುಐಡಿ ಅನ್ನೋ 128 ಬಿಟ್‌ನ ಒಂದು ಉದ್ದ ಗುರುತು. ಮೂರನೇದರಲ್ಲಿ ಮದರ್‌ಬೋರ್ಡಿನ ವಿವರ, ಅದರದ್ದೇ ಸೀರಿಯಲ್ ನಂಬರು. ನಾಲ್ಕನೇದರಲ್ಲಿ ಡಬ್ಬದ್ದು, ಅದಕ್ಕೂ ಒಂದು ನಂಬರು.

ಗಮನಿಸಿ, ಬೋರ್ಡಿನ ನಂಬರು ಬೇರೆ, ಸಿಸ್ಟಮ್ ನಂಬರು ಬೇರೆ. ಬೋರ್ಡು ಬದಲಾದ್ರೆ ಬೋರ್ಡಿನ ನಂಬರು ಬದಲಾಗಲೇಬೇಕು, ಅದು ನ್ಯಾಯ. ಆದ್ರೆ ಸಿಸ್ಟಮ್ ನಂಬರು ಹಳೇದೇ ಇರಬೇಕು, ಯಾಕಂದ್ರೆ ಮಷಿನ್ ಅದೇ. ತೊಡಕು ಎಲ್ಲಿ ಅಂದ್ರೆ, ಈ ಎರಡೂ ನಂಬರು ಕೂತಿರೋದು ಒಂದೇ ಬೋರ್ಡಿನ ಒಂದೇ ಚಿಪ್ಪಲ್ಲಿ. ಮನೆ ಪತ್ರವನ್ನ ಮನೆಯ ಗೋಡೆಯೊಳಗೇ ಇಟ್ಟು ಪ್ಲಾಸ್ಟರ್ ಮಾಡಿದ ಹಾಗೆ. ಗೋಡೆ ಬಿದ್ರೆ ಪತ್ರವೂ ಹೋಯ್ತು.

ಹೀಗೆ ಬರೆಯೋಕೆ ಸಾಧ್ಯ ಆದದ್ದು ಫ್ಲಾಶ್ ಚಿಪ್ ಬಂದ ಮೇಲೆ. 90ರ ದಶಕದಲ್ಲಿ ಬಯೋಸ್ ಚಿಪ್ ಕೀಳದೇ, ಸಾಫ್ಟ್‌ವೇರ್‌ನಿಂದಲೇ ಅಳಿಸಿ ಬರೆಯಬಹುದು ಅನ್ನೋ ಹಾಗಾಯ್ತು. ಅನುಕೂಲವೇ. ಆದ್ರೆ ನೀವು ಬರೆಯಬಹುದು ಅಂದ್ರೆ ಕಳ್ಳನೂ ಬರೆಯಬಹುದು.

ಇನ್ನೊಂದು ತಮಾಷೆ. ಅಸೆಂಬಲ್ ಮಾಡಿದ ಕಂಪ್ಯೂಟರಿನ ಸೀರಿಯಲ್ ನಂಬರು ನೋಡಿದ್ರೆ ಎಷ್ಟೋ ಕಡೆ ‘ಟು ಬಿ ಫಿಲ್ಡ್ ಬೈ ಓಇಎಂ’ ಅಂತ ಬರುತ್ತೆ. ಅಂದ್ರೆ ‘ಇದನ್ನ ತಯಾರಕರು ತುಂಬತಕ್ಕದ್ದು’. ಸರ್ಕಾರಿ ಅರ್ಜಿಯಲ್ಲಿ ‘ಕಚೇರಿ ಬಳಕೆಗೆ ಮಾತ್ರ’ ಅಂತ ಒಂದು ಡಬ್ಬಿ ಇರುತ್ತಲ್ಲ, ಯಾರೂ ತುಂಬದೇ ಹಾಗೇ ಬಿಟ್ಟಿರ್ತಾರಲ್ಲ, ಅದೇ ಕಥೆ. ಜಗತ್ತಲ್ಲಿ ಒಂದೇ ಇರಬೇಕಾದ ಯುಯುಐಡಿ ಕೂಡ ಕೆಲವು ಬೋರ್ಡುಗಳಲ್ಲಿ ಶೂನ್ಯ ಮೂರು, ಶೂನ್ಯ ಎರಡು, ಶೂನ್ಯ ನಾಲ್ಕು, ಶೂನ್ಯ ಐದು ಅಂತ ಮಾದರಿಗೆ ಬರೆದದ್ದೇ ಉಳಿದುಬಿಟ್ಟಿರುತ್ತೆ. ಬೇರೆ ಬೇರೆ ಮಷಿನ್, ಒಂದೇ ಗುರುತು.

1999: ಒಂದು ವರ್ಷ, ಮೂರು ಪಾಠ

ಈ ಕಥೆಯ ನಡುಮನೆ ಅಂದ್ರೆ 1999.

ಜನವರಿಯಲ್ಲಿ ಇಂಟೆಲ್ ಒಂದು ಘೋಷಣೆ ಮಾಡ್ತು. ಬರಲಿರೋ ಪೆಂಟಿಯಂ 3 ಪ್ರೊಸೆಸರಿನ ಪ್ರತಿಯೊಂದರಲ್ಲೂ ಅದರದ್ದೇ ಆದ 96 ಬಿಟ್‌ನ ನಂಬರು ಇರುತ್ತೆ ಅಂತ. ಇಂಟರ್ನೆಟ್ ವ್ಯಾಪಾರಕ್ಕೆ ಭದ್ರತೆ ಸಿಗುತ್ತೆ, ಕಂಪನಿಗಳಿಗೆ ಲೆಕ್ಕ ಇಡೋಕೆ ಸುಲಭ ಅನ್ನೋದು ಅವರ ಮಾತು. ಆದ್ರೆ ಜನ ಬೇರೆಯದನ್ನ ನೋಡಿದ್ರು. ಒಂದು ವೆಬ್‌ಸೈಟು ಆ ನಂಬರು ಕೇಳಿ ಪಡೆದ್ರೆ, ಇನ್ನೊಂದೂ ಕೇಳಿದ್ರೆ, ಎರಡೂ ಹೋಲಿಸಿದ್ರೆ, ನೀವು ಎಲ್ಲೆಲ್ಲಿ ಓಡಾಡಿದ್ರಿ ಅಂತ ಪೂರ್ತಿ ಜಾತಕ ಸಿಗುತ್ತೆ. ಎಲೆಕ್ಟ್ರಾನಿಕ್ ಪ್ರೈವಸಿ ಇನ್ಫರ್ಮೇಶನ್ ಸೆಂಟರ್ ಮತ್ತು ಇತರ ಗುಂಪುಗಳು ಬಹಿಷ್ಕಾರಕ್ಕೆ ಕರೆ ಕೊಟ್ಟವು. ‘ಇಂಟೆಲ್ ಇನ್‌ಸೈಡ್’ ಲಾಂಛನವನ್ನ ಅಣಕ ಮಾಡಿ ‘ಬಿಗ್ ಬ್ರದರ್ ಇನ್‌ಸೈಡ್’ ಅಂತ ಮಾಡಿದ್ರು. ಕೆಲವೇ ದಿನಗಳಲ್ಲಿ ಇಂಟೆಲ್ ಬಗ್ಗಿತು, ಆ ನಂಬರನ್ನ ಆಫ್ ಮಾಡಿಯೇ ಕೊಡ್ತೀವಿ ಅಂತು. ಆಫ್ ಮಾಡಿದ್ದನ್ನ ಸಾಫ್ಟ್‌ವೇರ್‌ನಿಂದ ಮತ್ತೆ ಆನ್ ಮಾಡಬಹುದು ಅಂತ ಜರ್ಮನಿಯ ಸಿಟಿ ಅನ್ನೋ ಪತ್ರಿಕೆ ತೋರಿಸ್ತು. 2000ನೇ ಇಸವಿಯಲ್ಲಿ ಮುಂದಿನ ಚಿಪ್‌ಗಳಲ್ಲಿ ಈ ನಂಬರು ಇರಲ್ಲ ಅಂತ ಇಂಟೆಲ್ ಕೈಬಿಡ್ತು.

ಮಾರ್ಚಿನಲ್ಲಿ ಎರಡನೇ ಗಲಾಟೆ. ಆಫೀಸ್ 97ರಲ್ಲಿ ಮಾಡಿದ ಕಡತಗಳೊಳಗೆ ಒಂದು ಗುಪ್ತ ಗುರುತು ಸೇರ್ಕೊಳ್ತಿದೆ, ಅದರಲ್ಲಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ನಂಬರೂ ಇದೆ ಅಂತ ಹೊರಬಂತು. ಅಂದ್ರೆ ನೀವು ಬರೆದ ಪತ್ರಕ್ಕೆ ನಿಮಗೇ ಗೊತ್ತಿಲ್ಲದ ಹಾಗೆ ನಿಮ್ಮ ಮಷಿನ್ನಿನ ಹೆಬ್ಬೆಟ್ಟು ಬೀಳ್ತಿತ್ತು. ಮೈಕ್ರೋಸಾಫ್ಟ್ ಸರಿಪಡಿಸ್ತೀವಿ ಅಂತ ಹೇಳಬೇಕಾಯ್ತು.

ಏಪ್ರಿಲ್ 26ಕ್ಕೆ ಮೂರನೇದು. ಸಿಐಎಚ್ ಅನ್ನೋ ವೈರಸ್ ಸಿಡೀತು. ಚೆರ್ನೋಬಿಲ್ ದುರಂತದ ದಿನವೇ ಆದ್ದರಿಂದ ಚೆರ್ನೋಬಿಲ್ ವೈರಸ್ ಅಂತಲೂ ಕರೆದ್ರು. ಬರೆದವನು ತೈವಾನಿನ ಚೆನ್ ಇಂಗ್-ಹೌ ಅನ್ನೋ ವಿದ್ಯಾರ್ಥಿ. ಅಲ್ಲೀವರೆಗೆ ವೈರಸ್ ಅಂದ್ರೆ ಡಿಸ್ಕ್ ಅಳಿಸೋದು, ಹೆಚ್ಚಂದ್ರೆ ಮತ್ತೆ ವಿಂಡೋಸ್ ಹಾಕಿದ್ರೆ ಆಯ್ತು. ಇದು ಬಯೋಸ್ ಚಿಪ್ಪಿಗೇ ಕಸ ಬರೀತಿತ್ತು. ಅದು ಕೆಲಸ ಮಾಡಿದ ಬೋರ್ಡುಗಳಲ್ಲಿ ಕಂಪ್ಯೂಟರ್ ಆನೇ ಆಗ್ತಿರಲಿಲ್ಲ. ಚಿಪ್ ಕಿತ್ತು ಬೇರೆ ಹಾಕಬೇಕು, ಇಲ್ಲಾ ಬೋರ್ಡೇ ಬದಲಾಯಿಸಬೇಕು. ಏಷ್ಯಾದ ದೇಶಗಳಿಗೆ ಬಹಳ ಪೆಟ್ಟು ಬಿತ್ತು, ಭಾರತಕ್ಕೂ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಎರಡು ಘಟನೆ ಹೇಳಿದ್ದು, ಮಷಿನ್ನಿಗೆ ಅಳಿಸಲಾಗದ ಗುರುತು ಕೊಟ್ರೆ ಮನುಷ್ಯನನ್ನ ಹಿಂಬಾಲಿಸಬಹುದು ಅಂತ. ಮೂರನೇದು ಹೇಳಿದ್ದು, ಬಯೋಸ್ ಯಾರು ಬೇಕಾದ್ರೂ ಬರೆಯೋ ಹಾಗಿದ್ರೆ ಮಷಿನ್ನೇ ಸಾಯುತ್ತೆ ಅಂತ. ಒಂದು ಕಡೆಯಿಂದ ‘ನಂಬರು ಬೇಡ’, ಇನ್ನೊಂದು ಕಡೆಯಿಂದ ‘ಬೀಗ ಬೇಕು’. ಮುಂದಿನ ವರ್ಷಗಳಲ್ಲಿ ನಮಗೆ ಸಿಕ್ಕಿದ್ದು ನಂಬರೂ ಹೌದು, ಬೀಗವೂ ಹೌದು. ಪ್ರೊಸೆಸರಿನ ನಂಬರಿಗೆ ಬೀದಿಗಿಳಿದ ಜನ, ಬೋರ್ಡಿನ ಬಯೋಸಲ್ಲಿ ಸದ್ದಿಲ್ಲದೆ ಕೂತಿದ್ದ ಯುಯುಐಡಿ ಬಗ್ಗೆ ಅಷ್ಟು ತಲೆಕೆಡಿಸ್ಕೊಳ್ಳಲಿಲ್ಲ.

ಲೈಸೆನ್ಸು ಕಟ್ಟಿದ ಗೂಟ

2001ರ ಅಕ್ಟೋಬರ್ 25ಕ್ಕೆ ವಿಂಡೋಸ್ ಎಕ್ಸ್‌ಪಿ ಬಂತು, ಜೊತೆಗೆ ಆಕ್ಟಿವೇಶನ್ ಬಂತು. ಕಂಪ್ಯೂಟರಿನ ಹತ್ತು ಲಕ್ಷಣ ನೋಡಿ ಅದು ಒಂದು ಮುದ್ರೆ ಮಾಡ್ಕೊಳ್ತಿತ್ತು. ಡಿಸ್ಕು, ನೆಟ್‌ವರ್ಕ್ ಕಾರ್ಡು, ಗ್ರಾಫಿಕ್ಸ್ ಕಾರ್ಡು, ಮೆಮೊರಿ ಎಷ್ಟು, ಹೀಗೆ. ಒಂದೆರಡು ಬದಲಾದ್ರೆ ಸುಮ್ಮನಿರ್ತಿತ್ತು. ತುಂಬಾ ಬದಲಾದ್ರೆ ಇದು ಬೇರೆ ಕಂಪ್ಯೂಟರ್ ಅಂತ ತಗಾದೆ. ಆಗ ಫೋನ್ ಮಾಡಿ 50 ಅಂಕಿಯ ಒಂದು ನಂಬರು ಓದಿ ಹೇಳಬೇಕು, ಅವರು 42 ಅಂಕಿ ವಾಪಸ್ ಹೇಳ್ತಾರೆ, ಅದನ್ನ ತಪ್ಪಿಲ್ಲದೆ ಟೈಪ್ ಮಾಡಬೇಕು.

ಕಂಪನಿಯಿಂದಲೇ ವಿಂಡೋಸ್ ಹಾಕಿ ಬರೋ ಕಂಪ್ಯೂಟರಿಗೆ ದಾರಿ ಬೇರೆ. ಅಲ್ಲಿ ಲೈಸೆನ್ಸು ನೋಡೋದು ಬಯೋಸನ್ನ. ಈ ಬಯೋಸ್ ಇಂಥ ತಯಾರಕರದೇ ಅಂತ ಗೊತ್ತಾದ್ರೆ ಸಾಕು. 2012ರಲ್ಲಿ ವಿಂಡೋಸ್ 8 ಬಂದಾಗಿಂದ ಒಂದೊಂದು ಮಷಿನ್ನಿಗೂ ಬೇರೆ ಬೇರೆ ಕೀ, ಅದು ಬೋರ್ಡಿನ ಫರ್ಮ್‌ವೇರ್ ಒಳಗೇ ಇರುತ್ತೆ. ಮೈಕ್ರೋಸಾಫ್ಟ್‌ನ ನಿಯಮದ ಪ್ರಕಾರ ಇಂಥ ಲೈಸೆನ್ಸಿಗೆ ಮದರ್‌ಬೋರ್ಡೇ ಕಂಪ್ಯೂಟರ್. ಬೋರ್ಡು ಕೆಟ್ಟು ಹೋಗಿ ಅದೇ ಥರದ್ದು ಹಾಕಿದ್ರೆ ಹಳೇ ಕಂಪ್ಯೂಟರು. ಇನ್ನೂ ಒಳ್ಳೇದು ಬೇಕು ಅಂತ ಬದಲಾಯಿಸಿದ್ರೆ ಹೊಸ ಕಂಪ್ಯೂಟರು, ಹೊಸ ಲೈಸೆನ್ಸು.

ಬಿಕಾಂ ಓದಿದೋರಿಗೆ ಇದು ಗೊತ್ತಿರೋ ಪ್ರಶ್ನೆ. ರಿಪೇರಿ ಖರ್ಚು ರೆವಿನ್ಯೂ ಖರ್ಚೋ, ಕ್ಯಾಪಿಟಲ್ ಖರ್ಚೋ? ಮೊದಲಿದ್ದ ಸ್ಥಿತಿಗೆ ತಂದ್ರೆ ರೆವಿನ್ಯೂ. ಮೊದಲಿಗಿಂತ ಹೆಚ್ಚು ಮಾಡಿದ್ರೆ ಕ್ಯಾಪಿಟಲ್. ನಾವು ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದ ಉತ್ತರವನ್ನೇ ಮೈಕ್ರೋಸಾಫ್ಟ್ ಲೈಸೆನ್ಸಿಗೆ ಹಾಕಿದೆ.

ರಿಜಿಸ್ಟರಿನಲ್ಲಿ ಇಲ್ಲದ ಲ್ಯಾಪ್‌ಟಾಪು

ಇದು ಎಷ್ಟು ದೂರ ಹೋಗುತ್ತೆ ಅನ್ನೋಕೆ ಒಂದು ಅನುಭವ ಹೇಳ್ತೀನಿ. ಡಿಗ್ರಿ ಆದ ಮೇಲೆ ಸ್ವಲ್ಪ ಕಾಲ ನಾನು ಒಬ್ಬ ಆಡಿಟರ್ ಹತ್ರ ಕೆಲಸ ಮಾಡ್ತಿದ್ದೆ. ಒಂದು ಕಂಪನಿಗೆ ಆಸ್ತಿ ಪರಿಶೀಲನೆಗೆ ಹೋಗಿದ್ವಿ. ಟೇಬಲ್, ಕುರ್ಚಿ, ಎಸಿ, ಲ್ಯಾಪ್‌ಟಾಪ್, ಎಲ್ಲಾ ಎಣಿಸಿ ರಿಜಿಸ್ಟರ್ ಜೊತೆ ತಾಳೆ ನೋಡೋದು. ಆ ಕಂಪನಿಯಲ್ಲಿ ಲ್ಯಾಪ್‌ಟಾಪ್ ಪಟ್ಟಿ ಒಂದು ಸಾಫ್ಟ್‌ವೇರ್ ತಾನೇ ತೆಗೀತಿತ್ತು, ಬಯೋಸಿಂದ ನಂಬರು ಓದಿ.

ಒಂದು ಲ್ಯಾಪ್‌ಟಾಪ್ ಕಾಣೆ. ಬದಲಿಗೆ ರಿಜಿಸ್ಟರಲ್ಲೇ ಇಲ್ಲದ ಇನ್ನೊಂದು ಲ್ಯಾಪ್‌ಟಾಪ್ ಬಂದು ಕೂತಿದೆ. ಕಾಗದದ ಮೇಲೆ ನೋಡಿದ್ರೆ ಅನಿಸೋದು ಒಂದೇ, ಒಳ್ಳೇದನ್ನ ಮಾರಿ ಯಾವುದೋ ತಂದಿಟ್ಟಿದಾರೆ ಅಂತ. ಮ್ಯಾನೇಜರ್ ಸ್ಟೋರ್ಸ್ ನೋಡ್ಕೊಳ್ಳೋರನ್ನ ಕರೆಸಿದ್ರು. ಐವತ್ತು ದಾಟಿದವರು, ಕೈ ನಡುಗ್ತಿತ್ತು. ‘ಸಾರ್, ಅದು ಅದೇ ಲ್ಯಾಪ್‌ಟಾಪ್ ಸಾರ್, ಬೋರ್ಡು ಚೇಂಜ್ ಆಗಿದೆ ಅಷ್ಟೇ’ ಅಂದ್ರು. ಮ್ಯಾನೇಜರ್ ನಂಬಲಿಲ್ಲ. ‘ಕಂಪ್ಯೂಟರ್ ಸುಳ್ಳು ಹೇಳುತ್ತೇನ್ರೀ?’ ಅಂದ್ರು.

ಅವರು ಹೋಗಿ ಒಂದು ಹಳೇ ಫೈಲು ತಂದ್ರು. ಅದರಲ್ಲಿ ಸರ್ವಿಸ್ ಚೀಟಿ, ಗುಂಡುಪಿನ್ನು ಚುಚ್ಚಿಟ್ಟಿದ್ರು. ಹಳೇ ಬೋರ್ಡಿನ ನಂಬರು, ಹೊಸ ಬೋರ್ಡಿನ ನಂಬರು, ಕೆಳಗೆ ಇಂಜಿನಿಯರ್ ಸಹಿ. ಸರ್ವಿಸ್‌ನವರು ಹೊಸ ಬೋರ್ಡಿಗೆ ಹಳೇ ಸಿಸ್ಟಮ್ ನಂಬರು ಬರೆಯದೇ ಹೋಗಿದ್ರು. ಲ್ಯಾಪ್‌ಟಾಪ್ ತಿರುಗಿಸಿದ್ರೆ ಸ್ಟಿಕ್ಕರಲ್ಲಿ ರಿಜಿಸ್ಟರಿನ ನಂಬರೇ ಇತ್ತು. ಆ ಚೀಟಿ ಇಲ್ಲದಿದ್ರೆ ಆ ಮನುಷ್ಯ ಇಪ್ಪತ್ತು ವರ್ಷ ಸಂಪಾದಿಸಿದ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಗ್ತಿತ್ತು. ನನಗೆ ಈ ವಿಷಯದ ಬೆನ್ನು ಹತ್ತೋ ಮನಸ್ಸಾದದ್ದು ಅವತ್ತು.

ಬರೆಯೋ ಪೆನ್ನು ಯಾರ ಕೈಲಿ

ಸರಿ, ಹೊಸ ಬೋರ್ಡಿಗೆ ಹಳೇ ನಂಬರು ಬರೆಯೋದು ಹೇಗೆ? ಪ್ರತಿ ಕಂಪನಿಗೂ ತನ್ನದೇ ಉಪಕರಣ ಇದೆ. ಬಿಡಿಭಾಗವಾಗಿ ಬರೋ ಬೋರ್ಡಲ್ಲಿ ಆ ಜಾಗ ಸಾಮಾನ್ಯವಾಗಿ ಖಾಲಿ ಇರುತ್ತೆ. ಸರ್ವಿಸ್ ಇಂಜಿನಿಯರ್ ತನ್ನ ಪ್ರೋಗ್ರಾಂ ಓಡಿಸಿ ಸೀರಿಯಲ್ ನಂಬರು, ಮಾಡೆಲ್ ತುಂಬ್ತಾರೆ. ಎಷ್ಟೋ ಬೋರ್ಡುಗಳಲ್ಲಿ ಒಮ್ಮೆ ತುಂಬಿದ ಮೇಲೆ ಬೀಗ ಬೀಳುತ್ತೆ. ತುಂಬದೇ ಬಿಟ್ರೆ ಮಷಿನ್ನೇ ದೂರು ಹೇಳುತ್ತೆ. ಥಿಂಕ್‌ಪ್ಯಾಡ್‌ಗಳಲ್ಲಿ 2200 ಅಂತ ಬಂದ್ರೆ ಮಾಡೆಲ್ ಮತ್ತು ಸೀರಿಯಲ್ ನಂಬರು ಸರಿಯಿಲ್ಲ, 2201 ಅಂತ ಬಂದ್ರೆ ಯುಯುಐಡಿ ಸರಿಯಿಲ್ಲ. ಆಪಲ್‌ನವರ ಉಪಕರಣದ ಹೆಸರೇ ಬ್ಲ್ಯಾಂಕ್ ಬೋರ್ಡ್ ಸೀರಿಯಲೈಜರ್, ಖಾಲಿ ಬೋರ್ಡಿಗೆ ನಂಬರು ಹಾಕೋದು.

ಈ ಉಪಕರಣಗಳಲ್ಲಿ ಬಹಳಷ್ಟು ಹೊರಗಿನ ರಿಪೇರಿಯವರಿಗೆ ಅಧಿಕೃತವಾಗಿ ಸುಲಭಕ್ಕೆ ಸಿಗಲ್ಲ. ಕಂಪನಿಯ ವಾದ ಸುಳ್ಳೇನಲ್ಲ. ಯಾರು ಬೇಕಾದ್ರೂ ಬರೆಯೋ ಹಾಗಿದ್ರೆ ಕದ್ದ ಲ್ಯಾಪ್‌ಟಾಪಿಗೆ ಹೊಸ ಹೆಸರು ಕೊಡಬಹುದು, ವಾರಂಟಿ ಮುಗಿದದ್ದಕ್ಕೆ ವಾರಂಟಿ ಇರೋದರ ನಂಬರು ಹಾಕಬಹುದು.

ಆ ಭಯ ಎಷ್ಟು ನಿಜ ಅಂತ ನಮ್ಮ ದೇಶದ ಮೊಬೈಲ್ ಕಥೆ ಹೇಳುತ್ತೆ. ನಿಮ್ಮಲ್ಲಿ ಕೆಲವರಿಗೆ ಶಾಲೆಯಲ್ಲಿದ್ದಾಗಿನ ಚೈನಾ ಸೆಟ್ಟುಗಳ ನೆನಪಿರಬಹುದು. ದೊಡ್ಡ ಸ್ಪೀಕರು, ಎರಡು ಸಿಮ್ಮು, ಜಾತ್ರೆಗೆ ಕೇಳಿಸೋ ಸದ್ದು. ಎಷ್ಟೋ ಸೆಟ್ಟುಗಳಿಗೆ 15 ಅಂಕಿಯ ಐಎಂಇಐ ನಂಬರೇ ಇರಲಿಲ್ಲ, ಇಲ್ಲಾ ಬರೀ ಸೊನ್ನೆ. ಮುಂಬೈ ದಾಳಿ ಆದ ಮರುವರ್ಷ, 2009ರ ನವೆಂಬರ್ 30ರ ನಂತರ ಅಂಥ ಫೋನುಗಳಿಗೆ ಸಂಪರ್ಕ ಕೊಡಬಾರದು ಅಂತ ಸರ್ಕಾರ ಹೇಳ್ತು. ಎರಡು ಕೋಟಿಗೂ ಹೆಚ್ಚು ಫೋನು ಬಂದ್ ಆಗುತ್ತೆ ಅನ್ನೋ ಅಂದಾಜು. ಅದಕ್ಕೂ ಮೊದಲು ಒಂದು ಅವಕಾಶ ಕೊಟ್ಟಿದ್ರು. ಅಧಿಕೃತ ಕೇಂದ್ರಕ್ಕೆ ಹೋಗಿ 199 ರೂಪಾಯಿ ಕೊಟ್ರೆ ನಿಮ್ಮ ಫೋನಿಗೆ ಅಸಲಿ ಐಎಂಇಐ ತುಂಬಿಕೊಡ್ತಿದ್ರು. ಬಡವನ ಫೋನಿಗೆ ತಡವಾಗಿ ನಾಮಕರಣ.

2020ರಲ್ಲಿ ಮೀರತ್‌ನಲ್ಲಿ ಇದರ ಇನ್ನೊಂದು ಮುಖ ಕಾಣಿಸ್ತು. ರಿಪೇರಿಗೆ ಕೊಟ್ಟ ಒಬ್ಬ ಪೊಲೀಸರ ಫೋನಿನ ಐಎಂಇಐ, ಡಬ್ಬಿಯ ಮೇಲಿದ್ದ ನಂಬರಿಗೆ ತಾಳೆ ಆಗ್ತಿರಲಿಲ್ಲ. ತನಿಖೆ ಮಾಡಿದ್ರೆ ಅದೇ ಒಂದು ನಂಬರಲ್ಲಿ 13 ಸಾವಿರಕ್ಕೂ ಹೆಚ್ಚು ಫೋನುಗಳು ಓಡ್ತಿದ್ದವು. ಅವುಗಳಲ್ಲಿ ಒಂದು ಕಳುವಾದ್ರೆ ಯಾವುದನ್ನ ಅಂತ ಹುಡುಕೋದು? ಅಷ್ಟರಲ್ಲಿ, 2017ರಲ್ಲೇ, ಐಎಂಇಐ ತಿದ್ದಿದ್ರೆ ಮೂರು ವರ್ಷದವರೆಗೆ ಜೈಲು ಅನ್ನೋ ನಿಯಮ ಬಂದಾಗಿತ್ತು.

ಹಾಗಂತ ಪೆನ್ನು ಪೂರ್ತಿ ಕಂಪನಿ ಕೈಗೆ ಕೊಟ್ರೆ ಏನಾಗುತ್ತೆ? ಅದನ್ನೂ ನೋಡ್ತಿದ್ದೀವಿ. ಈಗ ಫೋನುಗಳಲ್ಲಿ ಬೋರ್ಡಿಗೆ ಮಾತ್ರ ಅಲ್ಲ, ಪರದೆಗೆ, ಬ್ಯಾಟರಿಗೆ, ಕ್ಯಾಮೆರಾಗೆ ಒಂದೊಂದು ನಂಬರು. ಅವು ಒಂದಕ್ಕೊಂದು ಹೊಂದದಿದ್ರೆ ಅಸಲಿ ಭಾಗ ಹಾಕಿದ್ರೂ ಎಚ್ಚರಿಕೆ ಬರುತ್ತೆ, ಕೆಲವು ಸೌಲಭ್ಯ ನಿಲ್ಲುತ್ತೆ. ಇದಕ್ಕೆ ಪಾರ್ಟ್ಸ್ ಪೇರಿಂಗ್ ಅಂತಾರೆ. 2024ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ರಿಪೇರಿಗೆ ಅಡ್ಡ ಬರೋ ಇಂಥ ಜೋಡಣೆಗೆ ಕಡಿವಾಣ ಹಾಕೋ ಕಾನೂನು ತಂತು. ಅಲ್ಲಿ ವಾದ ಇಷ್ಟೇ: ಭಾಗ ನನ್ನದು, ಫೋನು ನನ್ನದು, ಇವೆರಡೂ ಒಂದೇ ಮನೆಯವು ಅಂತ ಬರೆಯೋಕೆ ನಿಮ್ಮ ಅಪ್ಪಣೆ ಯಾಕೆ?

ನನ್ನ ಅಭಿಪ್ರಾಯ ಕೇಳಿದ್ರೆ, ಭೂಮಿ ಮಾರಿದಾಗ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಪತ್ರ ನೋಂದಣಿ ಆಗುತ್ತೆ. ಮಾಲೀಕನೇ ಮನೇಲಿ ಕೂತು ಪತ್ರ ತಿದ್ದೋ ಹಾಗಿಲ್ಲ. ಹಾಗೇ ಆ ಕಚೇರಿಯ ಬಾಗಿಲು ಒಬ್ಬ ಬಿಲ್ಡರಿಗೆ ಮಾತ್ರ ತೆರೆಯೋ ಹಾಗೂ ಇಲ್ಲ. ಕಂಪ್ಯೂಟರಿಗೂ ಅಂಥದ್ದೊಂದು ವ್ಯವಸ್ಥೆ ಬೇಕು. ಬಿಲ್ಲು ತೋರಿಸಿದ ಮಾಲೀಕರಿಗೆ, ಲೆಕ್ಕ ಇಡೋ ರಿಪೇರಿಯವರಿಗೆ, ದಾಖಲೆ ಬಿಟ್ಟುಹೋಗೋ ರೀತಿಯಲ್ಲಿ ಹಳೇ ನಂಬರು ಬರೆಯೋ ಅವಕಾಶ ಇರಬೇಕು. ಹಳೇ ನಂಬರು ಅಳಿಸಿ ಹೊಸದು ಬರೆಯೋದು ಬೇರೆ, ಖಾಲಿಯಾದ ಜಾಗಕ್ಕೆ ಅದರದ್ದೇ ಹೆಸರು ವಾಪಸ್ ಬರೆಯೋದು ಬೇರೆ. ಮೊದಲನೇದು ಮೋಸ ಆಗಬಹುದು. ಎರಡನೇದು ರಿಪೇರಿ.

ಆ ವ್ಯವಸ್ಥೆ ಬರೋ ತನಕ ಮಾಡಬಹುದಾದದ್ದು ಕೆಲವಿದೆ. ಬೋರ್ಡು ಬದಲಾಯಿಸೋಕೆ ಕೊಡೋ ಮುಂಚೆ ಸ್ಟಿಕ್ಕರಿನ ಫೋಟೋ ತೆಗೆದಿಡಿ. ವಿಂಡೋಸಲ್ಲಿ ಬಿಟ್‌ಲಾಕರ್ ಇದ್ರೆ ಅದರ 48 ಅಂಕಿಯ ರಿಕವರಿ ಕೀ ಹುಡುಕಿಟ್ಕೊಳ್ಳಿ. ಅದರ ಬೀಗವೂ ಬೋರ್ಡಿನ ಮೇಲಿನ ಟಿಪಿಎಂಗೆ ಕಟ್ಟಿರುತ್ತೆ, ಹೊಸ ಬೋರ್ಡು ಬಂದ ಮೇಲೆ ಕೀ ಕೇಳೇ ಕೇಳುತ್ತೆ, ಇಲ್ಲದಿದ್ರೆ ಡಿಸ್ಕ್ ಕೈಲಿದ್ರೂ ಫೋಟೋ ಸಿಗಲ್ಲ. ಟ್ಯಾಲಿ ಥರ ಒಂದು ಯಂತ್ರಕ್ಕೆ ಕಟ್ಟಿದ ಲೈಸೆನ್ಸು ಇದ್ರೆ, ಮಷಿನ್ ಇನ್ನೂ ಆನ್ ಆಗ್ತಿರೋವಾಗಲೇ ಸರೆಂಡರ್ ಮಾಡಿಬಿಡಿ. ಇಲ್ಲಾಂದ್ರೆ ಎಜುಕೇಶನಲ್ ಮೋಡಲ್ಲಿ ತಿಂಗಳ 1, 2, 31ನೇ ತಾರೀಖು ಬಿಟ್ಟು ಬೇರೆ ದಿನ ಎಂಟ್ರಿ ಹಾಕೋಕೆ ಆಗಲ್ಲ, ಕಾಮರ್ಸ್‌ನವರಿಗೆ ಆ ಸಂಕಟ ಗೊತ್ತು. ಲ್ಯಾಪ್‌ಟಾಪ್ ವಾಪಸ್ ತರೋವಾಗ ಅಲ್ಲೇ ನಿಂತು ಬಯೋಸ್ ತೆರೆಸಿ, ಒಳಗಿನ ಸೀರಿಯಲ್ ನಂಬರು ಸ್ಟಿಕ್ಕರಿಗೆ ಹೊಂದುತ್ತಾ ನೋಡಿ. ಹೊಂದದಿದ್ರೆ ಬರೆಸಿಕೊಳ್ಳಿ. ಮತ್ತೆ ಬಿಲ್ಲಲ್ಲಿ ಹಳೇ ಬೋರ್ಡು, ಹೊಸ ಬೋರ್ಡು ಎರಡರ ನಂಬರೂ ಇರಲಿ.

ಅಂತರ್ಜಾಲದಲ್ಲಿ ಸಿಗೋ ಯಾವುದೋ ಉಪಕರಣ ಇಳಿಸಿ ನೀವೇ ಬರೆಯೋಕೆ ಮಾತ್ರ ಹೋಗಬೇಡಿ. ಬಯೋಸಿಗೆ ತಪ್ಪು ಬರೆದ್ರೆ ಏನಾಗುತ್ತೆ ಅಂತ 1999ರ ಏಪ್ರಿಲ್ 26 ಆಗಲೇ ತೋರಿಸಿದೆ.

ಇವತ್ತಿಗೆ ಇಷ್ಟು. ನಿಮ್ಮ ಲ್ಯಾಪ್‌ಟಾಪಿನ ಒಳಗಿನ ನಂಬರು, ಹೊರಗಿನ ನಂಬರು ಒಂದೇ ಇದೆಯಾ ಅಂತ ನೋಡಿ ನನಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.